ಬಣ್ಣ ಬಿಡುತ್ತದೆಯೇ? — ಗದಗ ಸೀಮೆಯಲ್ಲಿ ಮೂರು ದಿನ

ಸಂಕ್ರಮಣಕ್ಕೆ ಇನ್ನು ಎರಡೇ ದಿನಗಳಿದ್ದುವು. ಧಾರವಾಡದಿಂದ ಹೊರಟ ನಾವು ನಾಲ್ವರು ಮುಂಜಾನೆಯ ಗಾಡಿಯಲ್ಲಿ ಗದಗ ನಿಲ್ದಾಣಕ್ಕೆ ಬಂದಿಳಿದೆವು. ನಾನು, ನನ್ನ ಶ್ರೀಮತಿ, ಏಳು ವರ್ಷದ ಮಗಳು, ಜೊತೆಗೆ ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಕಲಿಸುವ ಮಿತ್ರರೊಬ್ಬರು. ಪ್ರವಾಸಕ್ಕೆ ಒಬ್ಬೊಬ್ಬರದು ಒಂದೊಂದು ಉದ್ದೇಶ. ನನಗೆ ವೀರನಾರಾಯಣನ ಗುಡಿಯನ್ನೂ ಪಂಪನ ಪುಲಿಗೆರೆಯನ್ನೂ ಮತ್ತೊಮ್ಮೆ ನೋಡುವ ಆಸೆ. ಶ್ರೀಮತಿಗೆ ಬೆಟಗೇರಿಯ ಸೀರೆ. ಮಗಳಿಗೆ ಮಾಗಡಿ ಕೆರೆಯ ಹಕ್ಕಿಗಳು. ಮಿತ್ರರನ್ನು ಕೇಳಿದರೆ, "ನನಗೇನೂ ಇಲ್ಲ, ನಿಮ್ಮ ಕೂಡ ಬರುವುದೇ ಉದ್ದೇಶ" ಎಂದು ನಕ್ಕರು. ಆದರೆ ಅವರ ಕೈಚೀಲದಲ್ಲಿ ಎರಡು ಗಾಜಿನ ಲೋಟ, ಒಂದು ಹಿಡಿ ಅರಳೆ, ಬಿಳಿಯ ಉಣ್ಣೆಯ ನೂಲಿನ ಒಂದು ಲಡಿ, ವಿನೆಗರಿನ ಸಣ್ಣ ಸೀಸೆ ಇವೆಲ್ಲ ಇದ್ದುದನ್ನು ಕಂಡು ನಾವು ಗೇಲಿ ಮಾಡಿದೆವು. ಪ್ರವಾಸಕ್ಕೆ ಬರುವವನು ಪ್ರಯೋಗಶಾಲೆಯನ್ನು ಹೊತ್ತು ಬರುವುದುಂಟೆ! ಮೂರು ದಿನಗಳು ಕಳೆಯುವಷ್ಟರಲ್ಲಿ ಆ ಚೀಲವೇ ನಮ್ಮ ಪ್ರವಾಸದ ಮುಖ್ಯ ಸಾಮಾನಾಯಿತೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬೆಟಗೇರಿಯ ಮಗ್ಗದ ಮನೆ

ಗದಗ ಮತ್ತು ಬೆಟಗೇರಿ ಹೆಸರಿಗೆ ಎರಡು ಊರು, ಆಡಳಿತಕ್ಕೆ ಒಂದೇ ನಗರಸಭೆ. ಗದಗು ವ್ಯಾಪಾರದ ಊರಾದರೆ ಬೆಟಗೇರಿ ನೇಕಾರರ ಊರು. ಓಣಿಯೊಳಗೆ ಕಾಲಿಟ್ಟರೆ ಸಾಕು, ಮನೆಯ ಗೋಡೆಗಳ ಹಿಂದಿನಿಂದ ಮಗ್ಗದ ಸದ್ದು ಕೇಳಿಬರುತ್ತದೆ. ಅಂಥದೊಂದು ಮನೆಯ ಪಡಸಾಲೆಯಲ್ಲಿ ವಯಸ್ಸಾದ ನೇಕಾರರೊಬ್ಬರು ನಮ್ಮೆದುರು ಕುಂಕುಮದ ಬಣ್ಣದ ಸೀರೆಯೊಂದನ್ನು ಹರಡಿದರು. ಕಪ್ಪು ದಡಿ, ತುಂಬು ಸೆರಗು. ಶ್ರೀಮತಿಯ ಕಣ್ಣು ಅರಳಿತು. ಆದರೂ ಹೆಂಗಸರ ವ್ಯವಹಾರಬುದ್ಧಿ ಕಣ್ಣಿನ ಮಾತನ್ನು ಸುಲಭವಾಗಿ ನಂಬುವುದಿಲ್ಲವಷ್ಟೆ.

"ಬಣ್ಣಾ ಬಿಡತದೇನ್ರಿ, ಯಜಮಾನ್ರ?"

ಅವರು ಸಿಟ್ಟಾಗಲಿಲ್ಲ. ಒಳಗಿನಿಂದ ಒಂದು ಬಟ್ಟಲು ನೀರು ತರಿಸಿದರು. "ನನ್ನ ಕೇಳೂದ್ಯಾಕ್ರಿ ತಾಯಿ, ನೀರನ್ನ ಕೇಳ್ರಿ" ಎಂದರು. ಶ್ರೀಮತಿ ಸೆರಗಿನ ಅಂಚನ್ನು ಒದ್ದೆ ಮಾಡಿ ತನ್ನ ಬಿಳಿಯ ಕರವಸ್ತ್ರದಿಂದ ಗಟ್ಟಿಯಾಗಿ ಉಜ್ಜಿದಳು. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. "ಬಣ್ಣಾ ಬಿಟ್ಟ ಸೀರಿ ತಿರುಗಿ ಬಾಗಲಕ್ಕ ಬರತದ್ರಿ. ಅದರ ಹಿಂದ ನನ್ನ ಹೆಸರೂ ಬರತದ" ಎಂದು ಮುದುಕರು ಮುಗುಳ್ನಕ್ಕರು. ವ್ಯಾಪಾರ ಕುದುರಿತು.

ಹೊರಗೆ ಬಂದ ಮೇಲೆ ಮಿತ್ರರು ಮಾತಿಗೆ ತೊಡಗಿದರು. 1856ರಲ್ಲಿ ಲಂಡನ್ನಿನಲ್ಲಿ ಪರ್ಕಿನ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿ ಮಲೇರಿಯಾ ಜ್ವರದ ಔಷಧವಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟಿದ್ದನಂತೆ. ಕಲ್ಲಿದ್ದಲ ಡಾಂಬರಿನಿಂದ ಬರುವ ವಸ್ತುವಿನಲ್ಲಿ ಕೈಯಾಡಿಸುತ್ತಿದ್ದಾಗ ಔಷಧ ಸಿಗಲಿಲ್ಲ, ಸುಂದರವಾದ ನೇರಳೆ ಬಣ್ಣವೊಂದು ಸಿಕ್ಕಿತು. ಅಲ್ಲಿಂದ ಮುಂದೆ ನೂರಾರು ಕೃತಕ ಬಣ್ಣಗಳು ಹುಟ್ಟಿ ಲೋಕದ ಮಗ್ಗಗಳನ್ನೆಲ್ಲ ಆಕ್ರಮಿಸಿದುವು. ಅಗ್ಗ, ಗಾಢ, ಗಟ್ಟಿ. "ನೂಲಿಗೆ ಅದು ವರವೇ ಸರಿ. ತೊಂದರೆ ಎಲ್ಲಿ ಬಂತೆಂದರೆ, ಉಡುವ ಬಣ್ಣ ಉಣ್ಣುವ ತಟ್ಟೆಗೆ ಇಳಿದಾಗ" ಎಂದು ಅವರು ಮಾತು ಮುಗಿಸಿದರು. ಆಗ ನಾನು ಅದನ್ನು ಪಾಠ ಹೇಳುವವರ ಚಾಳಿಯೆಂದು ತಳ್ಳಿಹಾಕಿದೆ.

ಕರವಸ್ತ್ರದ ಸಾಕ್ಷಿ

ಸಂಜೆ ವೀರನಾರಾಯಣನ ದರ್ಶನ. ಕುಮಾರವ್ಯಾಸನು ಮಿಂದು ಒದ್ದೆಯ ಬಟ್ಟೆಯಲ್ಲಿ ಈ ಗುಡಿಯ ಕಂಬಕ್ಕೊರಗಿ ಕುಳಿತು, ಬಟ್ಟೆ ಆರುವವರೆಗೆ ಭಾರತವನ್ನು ಹಾಡುತ್ತಿದ್ದನೆಂಬ ಐತಿಹ್ಯವನ್ನು ಮಗಳಿಗೆ ಹೇಳಿದೆ. "ಅವನ ಧೋತರ ಬಿಳೇದಿತ್ತೇನಪಾ?" ಎಂದು ಅವಳ ಪ್ರಶ್ನೆ. ಬೆಳಗಿನ ಸೀರೆಯ ವಿಚಾರವೇ ಅವಳ ತಲೆಯಲ್ಲಿ ಇನ್ನೂ ಸುಳಿಯುತ್ತಿತ್ತೆಂದು ತೋರುತ್ತದೆ.

ಗುಡಿಯಿಂದ ಪೇಟೆಗೆ ಬಂದೆವು. ಸಂಕ್ರಮಣವಾದ್ದರಿಂದ ಅಂಗಡಿಯ ಮುಂದೆಲ್ಲ ಕುಸುರೆಳ್ಳಿನ ರಾಶಿ. ಎಳ್ಳಿನ ಕಾಳಿಗೆ ಸಣ್ಣ ಉರಿಯಲ್ಲಿ ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಊಡಿ ಮುಳ್ಳು ಬರಿಸುವ ಆ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ನಮ್ಮ ಕಡೆಯ ಹೆಣ್ಣುಮಕ್ಕಳೇ ಬಲ್ಲರು. ಬಿಳಿಯ ರಾಶಿಯ ಪಕ್ಕದಲ್ಲಿ ಗುಲಾಬಿ, ಹಳದಿ, ಹಸಿರು ರಾಶಿಗಳಿದ್ದುವು. ಮಗಳ ಬೆರಳು ನೇರವಾಗಿ ಗುಲಾಬಿಯ ಕಡೆಗೆ ಹೋಯಿತು. ಎಳ್ಳು ಬೀರಲೆಂದು ಕಾಲು ಕಿಲೋ ಕಟ್ಟಿಸಿ, ಅವಳ ಅಂಗೈಗೂ ಒಂದಿಷ್ಟು ಹಾಕಿಸಿದೆವು.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವಳ ಅಂಗೈ ಗುಲಾಬಿ, ತುಟಿ ಗುಲಾಬಿ, ನಾಲಗೆ ಗುಲಾಬಿ. ಶ್ರೀಮತಿ ಕರವಸ್ತ್ರ ತೆಗೆದು ಒರೆಸಿದಳು. ಬೆಳಿಗ್ಗೆ ಸೀರೆಯ ಸತ್ಯವನ್ನು ಪರೀಕ್ಷಿಸಿ ಬಿಳಿಯಾಗಿಯೇ ಉಳಿದಿದ್ದ ಅದೇ ಕರವಸ್ತ್ರ ಈಗ ಗುಲಾಬಿಯಾಯಿತು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಉಡುವ ಸೀರೆಗೆ ಕೇಳಿದ ಪ್ರಶ್ನೆಯನ್ನು ಮಗುವಿನ ಬಾಯಿಗೆ ಹಾಕುವ ತಿನಿಸಿಗೆ ಕೇಳಲು ನಮಗೆ ಹೊಳೆದಿರಲಿಲ್ಲ.

ಅಂದಿನ ರಾತ್ರಿ ನಮ್ಮ ವಾಸ ಶ್ರೀಮತಿಯ ಅಣ್ಣನ ಮನೆಯಲ್ಲಿ. ಊಟವಾದ ಮೇಲೆ ಮಿತ್ರರ ಚೀಲ ಅಡುಗೆಮನೆಯಲ್ಲಿ ಬಿಚ್ಚಿತು. ಅವರು ಹಳೆಯದೊಂದು ಪಾತ್ರೆಯಲ್ಲಿ ನೀರಿಟ್ಟು ಒಂದು ಹಿಡಿ ಗುಲಾಬಿ ಕುಸುರೆಳ್ಳನ್ನು ಕರಗಿಸಿ, ಎಳ್ಳನ್ನು ಸೋಸಿ ತೆಗೆದು, ಸ್ವಲ್ಪ ವಿನೆಗರ್ ಬೆರೆಸಿದರು. ಅದರೊಳಗೆ ಬಿಳಿಯ ಉಣ್ಣೆಯ ಒಂದು ಎಳೆಯನ್ನು ಬಿಟ್ಟು ಹತ್ತು ನಿಮಿಷ ಕುದಿಸಿದರು. ನೀರಿನ ಬಣ್ಣ ತೆಳುವಾಗುತ್ತ ಬಂತು, ಎಳೆ ಗಾಢವಾಗುತ್ತ ಹೋಯಿತು. ಹೊರತೆಗೆದು ನಲ್ಲಿಯ ಕೆಳಗೆ ಎಷ್ಟು ತೊಳೆದರೂ ಗುಲಾಬಿ ಬಿಡಲಿಲ್ಲ.

ಮಗಳು ಕಣ್ಣರಳಿಸಿ ನೋಡುತ್ತಿದ್ದಳು. "ಕಾಕಾ, ಹಂಗಾದ್ರ ಇದು ಸೀರಿಗೆ ಹಾಕೋ ಬಣ್ಣೇನು?"

"ಅಷ್ಟು ಅವಸರ ಮಾಡಬ್ಯಾಡವಾ" ಎಂದು ಮಿತ್ರರು ನಕ್ಕರು. ಆಮೇಲೆ ನಮ್ಮೆಲ್ಲರಿಗೂ ತಿಳಿಯುವಂತೆ ವಿವರಿಸಿದರು. ಆಹಾರದಲ್ಲಿ ಬಳಸುವ ಗಿಡಮೂಲದ ಬಣ್ಣಗಳಲ್ಲಿ ಹೆಚ್ಚಿನವು ಉಣ್ಣೆಯನ್ನು ಹೀಗೆ ಗಟ್ಟಿಯಾಗಿ ಹಿಡಿಯವು. ಹಿಡಿದದ್ದರಿಂದ ಇದು ಕೃತಕ ಬಣ್ಣವೆಂದು ಹೇಳಬಹುದು. ಆದರೆ ಕೃತಕವೆಂದ ಮಾತ್ರಕ್ಕೆ ನಿಷಿದ್ಧವೆಂದಲ್ಲ. ನಮ್ಮ ದೇಶದ ಕಾನೂನು ಎಂಟು ಕೃತಕ ಬಣ್ಣಗಳಿಗೆ ಆಹಾರದಲ್ಲಿ ಅನುಮತಿ ಕೊಟ್ಟಿದೆ: ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್, ಪಾನ್ಸೋ ಫೋರ್ ಆರ್, ಎರಿಥ್ರೋಸಿನ್, ಇಂಡಿಗೋ ಕಾರ್ಮೈನ್, ಬ್ರಿಲಿಯಂಟ್ ಬ್ಲೂ, ಫಾಸ್ಟ್ ಗ್ರೀನ್. ಅವನ್ನೂ ಎಲ್ಲ ತಿನಿಸಿಗೆ ಹಾಕುವಂತಿಲ್ಲ. ಸಕ್ಕರೆಯ ಮಿಠಾಯಿಯಂಥ ಗೊತ್ತುಪಡಿಸಿದ ಪದಾರ್ಥಗಳಿಗೆ ಮಾತ್ರ, ಅದೂ ಸಾಮಾನ್ಯವಾಗಿ ಒಂದು ಕಿಲೋಗ್ರಾಮಿಗೆ 100 ಮಿಲಿಗ್ರಾಮಿನ ಮಿತಿಯೊಳಗೆ. ರೋಡಮೈನ್-ಬಿ, ಮೆಟಾನಿಲ್ ಯೆಲ್ಲೋ, ಮ್ಯಾಲಕೈಟ್ ಗ್ರೀನ್, ಸೂಡಾನ್ ಮುಂತಾದ ಬಣ್ಣಗಳಿಗಾದರೋ ಆಹಾರದಲ್ಲಿ ಪ್ರವೇಶವೇ ಇಲ್ಲ. ಅವು ಬಟ್ಟೆಗೆ, ಕಾಗದಕ್ಕೆ, ಮೇಣಕ್ಕೆ, ಎಣ್ಣೆಗೆ ಬಣ್ಣ ಕೊಡಲು ಹುಟ್ಟಿದವು.

"ಹಾಗಾದರೆ ನಮ್ಮ ಕುಸುರೆಳ್ಳಿನಲ್ಲಿರುವುದು ಯಾವುದು?" ಎಂದು ಕೇಳಿದೆ.

"ಅದನ್ನು ಈ ಅಡುಗೆಮನೆ ಹೇಳಲಾರದು" ಎಂದರು. ಪ್ರಯೋಗಶಾಲೆಯಲ್ಲಾದರೆ ಎಳೆ ಹೀರಿದ ಬಣ್ಣವನ್ನು ಅಮೋನಿಯದ ನೀರಿನಲ್ಲಿ ಮತ್ತೆ ಬಿಡಿಸುತ್ತಾರೆ. ಆ ಬಣ್ಣದ ಚುಕ್ಕೆಯನ್ನು ವಿಶೇಷ ಕಾಗದದ ಅಂಚಿನಲ್ಲಿಟ್ಟು, ಅಂಚನ್ನು ದ್ರಾವಣದಲ್ಲಿ ಅದ್ದುತ್ತಾರೆ. ದ್ರಾವಣ ಮೇಲೇರಿದಂತೆ ಒಂದೊಂದು ಬಣ್ಣವೂ ತನ್ನದೇ ಎತ್ತರಕ್ಕೆ ಏರಿ ನಿಲ್ಲುತ್ತದೆ. ಪಕ್ಕದಲ್ಲಿಟ್ಟ ಪರಿಚಿತ ಬಣ್ಣಗಳೊಡನೆ ಹೋಲಿಸಿದರೆ ಗುರುತು ಸಿಕ್ಕಿತು. ರೋಡಮೈನ್‌ನಂಥ ಬಣ್ಣವಿದ್ದರೆ ಅತಿನೇರಳೆ ಬೆಳಕಿನಲ್ಲಿ ಅದು ಕಿತ್ತಳೆಯ ಹೊಳಪು ಬೀರಿ ಸುಳಿವು ಕೊಡುತ್ತದೆ. ಈಗ ಇದಕ್ಕಿಂತ ಸೂಕ್ಷ್ಮವಾದ ಯಂತ್ರಗಳೂ ಇವೆ. ಆದರೂ ಆಹಾರದ ಕಳ್ಳಬಣ್ಣವನ್ನು ಹಿಡಿಯಲು ರಸಾಯನಜ್ಞರು ತಲೆಮಾರುಗಳಿಂದ ನೆಚ್ಚಿದ್ದು ನೂಲಿನ ಎಳೆಯನ್ನೇ ಎಂಬುದನ್ನು ಬೆಟಗೇರಿಯಲ್ಲಿ ಕುಳಿತು ಕೇಳಿದಾಗ ನನಗೆ ಆಶ್ಚರ್ಯವೂ ಸಂತೋಷವೂ ಆದುವು.

ನಮ್ಮ ಭಾವನವರಿಗೆ ಸಂದೇಹ: "ಸಾಮಾನ್ಯ ಮನುಷ್ಯ ಪ್ರಯೋಗಶಾಲೆಗೆ ಎಲ್ಲಿಗೆ ಹೋದಾನು?" ಇದಕ್ಕೂ ದಾರಿಯುಂಟು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 40ನೆಯ ಕಲಮಿನಂತೆ, ಕೊಳ್ಳುವವನು ತಾನು ಪರೀಕ್ಷೆಗೆ ಕಳಿಸುವುದಾಗಿ ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಿ, ಶುಲ್ಕ ಕಟ್ಟಿ ಸರಕಾರದ ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ಪದಾರ್ಥ ಕಾಯಿದೆಗೆ ವಿರುದ್ಧವೆಂದು ಕಂಡುಬಂದರೆ ಶುಲ್ಕ ಮರಳಿ ಬರುತ್ತದೆ. 1954ರ ಹಳೆಯ ಕಲಬೆರಕೆ ತಡೆ ಕಾಯಿದೆಯ ಕಾಲದಿಂದಲೂ ಕಾನೂನು ನಮ್ಮ ಬೆನ್ನಿಗಿದೆ. ಅದನ್ನು ಬಳಸುವವರು ಕಡಮೆ. ನಾವೂ ಅಂಗಡಿಯವನಿಗೆ ಏನನ್ನೂ ಹೇಳದೆ ಕಟ್ಟಿಸಿಕೊಂಡು ಬಂದಿದ್ದೆವು. ಆ ಕಾಲು ಕಿಲೋದ ಗತಿಯೇನೆಂದು ಆ ರಾತ್ರಿ ತೀರ್ಮಾನವಾಗಲಿಲ್ಲ.

ಶಿರಹಟ್ಟಿಯ ಬಿಳಿ ಮಿಠಾಯಿ

ಮರುದಿನ ಭೋಗಿ. ಬಾಡಿಗೆಯ ಕಾರಿನಲ್ಲಿ ಮೊದಲು ಮಾಗಡಿ ಕೆರೆಗೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಇಲ್ಲಿ ಬೀಡುಬಿಡುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರಕಿದೆ. ನೀರಿನ ಮೇಲೆ ನೂರಾರು ಹಕ್ಕಿಗಳು ತೇಲುತ್ತಿದ್ದುವು. ಬೆಳ್ಳನೆಯ ತಲೆಯ ಮೇಲೆ ಎರಡು ಕರಿಯ ಪಟ್ಟೆ. "ಅಪ್ಪಾ, ಇಷ್ಟು ಹೊತ್ತು ನೀರಾಗ ಇದ್ರೂ ಅದರ ಪಟ್ಟಿ ಬಣ್ಣಾ ಬಿಟ್ಟಿಲ್ಲ ನೋಡು!" ಎಂದಳು ಮಗಳು. ಬೆಟಗೇರಿಯ ಪಾಠ ಅವಳಿಗೆ ಹತ್ತಿದ್ದು ಹೀಗೆ.

ಅಲ್ಲಿಂದ ಶಿರಹಟ್ಟಿ. ಫಕೀರೇಶ್ವರ ಮಠದ ಹೆಸರಿನಲ್ಲೇ ಎರಡು ಮತಗಳ ಬೆಸುಗೆಯಿದೆ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಗದ್ದುಗೆ ಇದು. ದರ್ಶನ ಮುಗಿಸಿ ಹೊರಗೆ ಬಂದಾಗ ಬಾಂಬೆ ಮಿಠಾಯಿಯ ಗಂಟೆ ಕೇಳಿಸಿತು. ಮಗಳು ಓಡಿದಳು, ಓಡಿದವಳು ಹತ್ತಿರ ಹೋಗಿ ನಿಂತುಬಿಟ್ಟಳು. ಕೋಲಿಗೆ ಕಟ್ಟಿದ್ದ ಚೀಲಗಳಲ್ಲೆಲ್ಲ ಬಿಳಿಯ ಮಿಠಾಯಿ.

"ಗುಲಾಬಿ ಇಲ್ಲೇನ್ರಿ?"

"ಸರಕಾರ ಬಂದ್ ಮಾಡೇತವ್ವಾ" ಎಂದ, ಮಾರುವವ.

ಅವನು ಹೇಳಿದ್ದು ನಿಜ. 2024ರ ಮಾರ್ಚ್ 11ರಂದು ಆರೋಗ್ಯ ಮಂತ್ರಿಗಳಾದ ದಿನೇಶ್ ಗುಂಡೂರಾವ್ ಅವರು ಬಣ್ಣದ ಬಾಂಬೆ ಮಿಠಾಯಿಯನ್ನೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನೂ ರಾಜ್ಯದಾದ್ಯಂತ ನಿಷೇಧಿಸಿದುದನ್ನು ಪ್ರಕಟಿಸಿದರು. ಅದರ ಹಿಂದಣ ಲೆಕ್ಕ ಹೀಗಿತ್ತು: ಪರೀಕ್ಷಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ಗಳ ಜೊತೆಗೆ ರೋಡಮೈನ್-ಬಿ ಕೂಡ ಅವುಗಳಲ್ಲಿ ಸಿಕ್ಕಿತ್ತು. ಮೊದಲ ಮೂರು ಬಣ್ಣಗಳು ಬೇರೆ ಕೆಲವು ತಿನಿಸುಗಳಿಗೆ ಸಲ್ಲುತ್ತವೆ, ಗೋಬಿಗೆ ಸಲ್ಲುವುದಿಲ್ಲ. ಕೊನೆಯದು ಬಾಯಿಗೇ ಸಲ್ಲುವುದಿಲ್ಲ. ತಪ್ಪಿದವರಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆ, 10 ಲಕ್ಷ ರೂಪಾಯಿಗಳವರೆಗೆ ದಂಡವೆಂದು ಎಚ್ಚರಿಕೆ ಕೊಡಲಾಯಿತು. ಅದೇ ವರುಷ ಜೂನ್ ತಿಂಗಳಲ್ಲಿ ಕಬಾಬಿನ ಸರದಿ ಬಂತು. 39 ಮಾದರಿಗಳಲ್ಲಿ 8 ಸೋತುವು, ಅಲ್ಲಿಯೂ ಕೃತಕ ಬಣ್ಣಕ್ಕೆ ತಡೆ ಬಿತ್ತು. ನೆರೆಯ ತಮಿಳುನಾಡು, ಪುದುಚೇರಿಗಳು ರೋಡಮೈನ್ ಇದ್ದ ಮಿಠಾಯಿಯ ಮೇಲೆ ಫೆಬ್ರುವರಿಯಲ್ಲಿಯೇ ಕ್ರಮ ಕೈಕೊಂಡಿದ್ದುವು.

"ಬಿಳೇದಕ್ಕ ತಕರಾರಿಲ್ಲಲ್ಲ?" ಎಂದು ಮಿತ್ರರು ಕೇಳಿದರು.

"ಬರೇ ಸಕ್ಕರಿ ಅದ್ರಿ ಸರ, ಅದಕ್ಯಾತರ ತಕರಾರು? ಆದ್ರ ಹುಡುಗೂರು ಬರಂಗಿಲ್ರಿ. ಗುಲಾಬಿ ಇದ್ದಾಗ ದೂರಿಂದ ನೋಡಿ ಓಡಿ ಬರತಿದ್ರು. ಈಗ 'ಅರಳಿ ಮಾರಾಕತ್ತೀಯೇನೋ' ಅಂತ ನಗತಾರ. ಮೊದಲಿನ ಅರ್ಧಾ ಸೈತ ಹೋಗಂಗಿಲ್ಲ." ಸ್ವಲ್ಪ ತಡೆದು ಅವನೇ ಮುಂದುವರಿಸಿದ: "ಆ ಪುಡಿ ಏನಂತ ನನಗೂ ಗೊತ್ತಿರಲಿಲ್ರಿ. ಚಿಟಿಕಿ ಹಾಕಿದ್ರ ಬುಟ್ಟಿ ತುಂಬ ಬಣ್ಣ. ನನ್ನ ಮಕ್ಕಳೂ ತಿಂದಾವ."

ಕೊನೆಯ ಮಾತಿಗೆ ನಮ್ಮಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ. ಈವರೆಗೆ ನನ್ನ ಕಲ್ಪನೆಯಲ್ಲಿ ಕಲಬೆರಕೆ ಮಾಡುವವನೆಂದರೆ ಮೀಸೆ ತಿರುವುವ ಖಳನಾಯಕ. ಇಲ್ಲಿ ನಿಂತವನೋ, ಪೇಟೆಯಲ್ಲಿ ಸಿಕ್ಕ ಪುಡಿಯನ್ನು ಹೆಸರು ಕೇಳದೆ ಕೊಂಡು, ಗಿರಾಕಿಯ ಕಣ್ಣು ಬೇಡಿದ್ದನ್ನು ಒದಗಿಸಿದ ಬಡವ. ಬೇಡಿದ ಕಣ್ಣು ಯಾರದು? ನಿನ್ನೆ ಬಿಳಿಯ ರಾಶಿಯನ್ನು ಬಿಟ್ಟು ಗುಲಾಬಿಯ ರಾಶಿಗೆ ಕೈ ಚಾಚಿದವರು ನಾವೇ ಅಲ್ಲವೆ? ಅವನಿಂದ ನಾಲ್ಕು ಬಿಳಿ ಮಿಠಾಯಿ ಕೊಂಡೆವು. ಮಗಳು ಮೊದಮೊದಲು ಮುಖ ಗಂಟು ಹಾಕಿದರೂ ಒಂದು ಎಸಳು ಬಾಯಿಗಿಟ್ಟ ಮೇಲೆ ಸುಮ್ಮನಾದಳು. ತಿಂದು ಮುಗಿಸಿ ನಾಲಗೆ ಚಾಚಿ ತಾಯಿಗೆ ತೋರಿಸಿದಳು. ನಾಲಗೆ ನಾಲಗೆಯ ಬಣ್ಣದಲ್ಲೇ ಇತ್ತು.

ಪುಲಿಗೆರೆಯ ತಿರುಳು

ಶಿರಹಟ್ಟಿಯಿಂದ ಲಕ್ಷ್ಮೇಶ್ವರ ದೂರವಲ್ಲ. ಇದೇ ಹಿಂದಿನ ಪುಲಿಗೆರೆ. ಕವಿರಾಜಮಾರ್ಗಕಾರನು ಕನ್ನಡದ ತಿರುಳು ಇರುವ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಇದೂ ಒಂದು. ಪಂಪನು ತನ್ನ ಭಾರತಕ್ಕೆ ಆರಿಸಿಕೊಂಡದ್ದು ಇಲ್ಲಿಯ ಕನ್ನಡವನ್ನೇ. ಸೋಮೇಶ್ವರನ ಗುಡಿಯ ಕಲ್ಲಿನ ಕೆತ್ತನೆಯನ್ನು ನೋಡುತ್ತ, ಈ ನೆಲದವರು ಮಾತಿನಲ್ಲಿಯೂ ಸಿಪ್ಪೆಯನ್ನು ಬಿಟ್ಟು ತಿರುಳನ್ನು ಹುಡುಕಿದವರಲ್ಲವೆ ಎಂದುಕೊಂಡೆ. ತಿನಿಸಿನ ವಿಷಯದಲ್ಲಿ ಮಾತ್ರ ನಾವು ಸಿಪ್ಪೆಯ ಬಣ್ಣಕ್ಕೆ ಮಾರುಹೋಗಿದ್ದೇವೆ.

ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಊಟಕ್ಕೆ ಕುಳಿತೆವು. ಮಿತ್ರರು ಮಾಲಕರೊಡನೆ ಸಲಿಗೆ ಬೆಳೆಸಿ, ಚಮಚೆ ಅರಿಷಿಣ, ಚಮಚೆ ಖಾರದ ಪುಡಿ ಬೇಡಿದರು. "ನೋಡ್ರಿ ಸರ, ನನಗೂ ತಿಳೀಲಿ" ಎಂದು ಅವರು ತಾವೇ ಬಂದು ಮೇಜಿನ ಬದಿಗೆ ನಿಂತರು. ಒಂದು ಲೋಟದ ನೀರಿಗೆ ಅರಿಷಿಣ ಹಾಕಿ ಅಲುಗಿಸದೆ ಬಿಟ್ಟರು. ಪುಡಿ ತಳಕ್ಕಿಳಿದು ಮೇಲಿನ ನೀರು ತೆಳು ಹಳದಿಯಾಯಿತು. ಕೃತಕ ಬಣ್ಣವಿದ್ದರೆ ನೀರೆಲ್ಲ ಕಡು ಹಳದಿಯಾಗುತ್ತಿತ್ತು. ಇನ್ನೊಂದು ಲೋಟದ ನೀರಿನ ಮೇಲೆ ಖಾರದ ಪುಡಿಯನ್ನು ಉದುರಿಸಿದರು. ನೀರಿನಲ್ಲಿ ಕರಗುವ ಬಣ್ಣ ಬೆರೆತಿದ್ದರೆ ಕೆಂಪು ಗೆರೆಗಳು ಬೇರಿನಂತೆ ಕೆಳಗಿಳಿಯುತ್ತವೆ. ಇಲ್ಲಿ ಹಾಗಾಗಲಿಲ್ಲ. ಮಾಲಕರ ಮುಖ ಬೆಳಗಿತು. ಅವರು ನಮ್ಮ ತಾಟಿಗೆ ಇನ್ನೊಂದೊಂದು ಜೋಳದ ರೊಟ್ಟಿ ಬಡಿಸಿದರು.

ಮನೆವಾರ್ತೆ ನೋಡುವವರಿಗೆ ಉಪಯೋಗವಾದೀತೆಂದು ಮಿತ್ರರು ಹೇಳಿದ ಇನ್ನೆರಡು ಪರೀಕ್ಷೆಗಳನ್ನೂ ಇಲ್ಲಿ ಬರೆಯುತ್ತೇನೆ. ಹಸಿ ಬಟಾಣಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಯಿಟ್ಟಾಗ ನೀರು ಹಸಿರಾದರೆ ಅನುಮಾನಿಸಬೇಕು. ಒದ್ದೆ ಅಥವಾ ಎಣ್ಣೆ ಹಚ್ಚಿದ ಅರಳೆಯಿಂದ ಹಾಗಲಕಾಯಿ, ಹಸಿಮೆಣಸಿನಕಾಯಿಗಳ ಮೈಯನ್ನು ಉಜ್ಜಿದಾಗ ಅರಳೆ ಹಸಿರಾದರೆ ಅದು ಮ್ಯಾಲಕೈಟ್ ಗ್ರೀನಿನ ಸುಳಿವು. ರಾಗಿಯನ್ನೂ ಗೆಣಸಿನ ಸಿಪ್ಪೆಯನ್ನೂ ಹೀಗೆಯೇ ಉಜ್ಜಿದಾಗ ಅರಳೆ ಕೆಂಪಾದರೆ ರೋಡಮೈನಿನ ಸುಳಿವು. ಅರಿಷಿಣಕ್ಕೂ ತೊಗರಿಬೇಳೆಗೂ ಬೆರೆಸುವ ಮೆಟಾನಿಲ್ ಯೆಲ್ಲೋ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದೊಡನೆ ನಸುಗೆಂಪಾಗುತ್ತದೆ. ಆದರೆ ಆಮ್ಲದ ಆಟ ಅಡುಗೆಮನೆಗೆ ತಕ್ಕುದಲ್ಲ, ಅದು ತಿಳಿದವರ ಕೈಯಲ್ಲೇ ಇರಲಿ.

"ನಮ್ಮ ಖಾರ ಪಾಸಾಯ್ತಲ್ರಿ?" ಎಂದು ಮಾಲಕರು ಮತ್ತೊಮ್ಮೆ ಕೇಳಿದರು.

"ನೀರಿನ ಪರೀಕ್ಷೆಯಲ್ಲಿ ಪಾಸು" ಎಂದು ಮಿತ್ರರು ತೂಕದ ಉತ್ತರ ಕೊಟ್ಟರು. ಏಕೆಂದರೆ ಸೂಡಾನ್ ಬಣ್ಣಗಳು ನೀರಿಗೆ ಬಗ್ಗುವುದಿಲ್ಲ, ಎಣ್ಣೆಯಲ್ಲಿ ಮಾತ್ರ ಕರಗುತ್ತವೆ. ಎಣ್ಣೆಯಲ್ಲಿ ಪರೀಕ್ಷಿಸೋಣವೆಂದರೆ ಒಳ್ಳೆಯ ಮೆಣಸಿನಕಾಯಿಯ ಸ್ವಂತ ಕೆಂಪೂ ಎಣ್ಣೆಗೆ ಇಳಿಯುವಂಥದೇ. ಒಗ್ಗರಣೆ ಕೆಂಪಗಾಯಿತೆಂದು ಖಾರವನ್ನು ಸಂಶಯಿಸುವಂತಿಲ್ಲ. ಅಂಥ ಬಣ್ಣವನ್ನು ಹಿಡಿಯಲು ಪ್ರಯೋಗಶಾಲೆಯೇ ಗತಿ. 2003ರಲ್ಲಿ ಫ್ರಾನ್ಸಿನವರು ಭಾರತದಿಂದ ಹೋದ ಖಾರದ ಪದಾರ್ಥಗಳಲ್ಲಿ ಸೂಡಾನ್-1 ಕಂಡುಹಿಡಿದ ಮೇಲೆ ಯೂರೋಪಿನವರೆಲ್ಲ ನಮ್ಮ ಖಾರದ ಪುಡಿಗೆ ಪರೀಕ್ಷಾಪತ್ರ ಕೇಳತೊಡಗಿದರು. 2005ರಲ್ಲಿ ಬ್ರಿಟನ್ನಿನಲ್ಲಿ ಅದಕ್ಕೂ ಮೊದಲು ಆಮದಾಗಿದ್ದ ಖಾರದ ಪುಡಿಯಿಂದ ಒಂದು ಸಾಸು, ಆ ಸಾಸಿನಿಂದ ನೂರಾರು ತಿಂಡಿಗಳು ಕೆಟ್ಟು, 400ಕ್ಕೂ ಹೆಚ್ಚು ಬಗೆಯ ಪದಾರ್ಥಗಳನ್ನು ಅಂಗಡಿಗಳಿಂದ ಹಿಂದೆಗೆಯಬೇಕಾಯಿತು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಗಂತಿ ಹುಟ್ಟಿಸಿದ ಬಣ್ಣ ಅದು. ಬೆರೆಸಿದವರು ಕೆಲವರು, ಹೆಸರು ಕೆಟ್ಟದ್ದು ನಮ್ಮ ಖಾರದ್ದು.

ಮುಂಡರಗಿಯ ದಾರಿ

ಸಂಕ್ರಮಣದ ಬೆಳಗು ಮುಂಡರಗಿಯ ದಾರಿ ಹಿಡಿದೆವು. ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರದ ಗೋಡೆಗಳನ್ನು ಸುತ್ತಿ ನೋಡಿ ಮುಂದೆ ಸಾಗಿದೆವು. 1858ರ ಬಂಡಾಯದಲ್ಲಿ ಪ್ರಾಣವನ್ನು ತೆತ್ತ ಮುಂಡರಗಿ ಭೀಮರಾಯನ ಸೀಮೆಯಿದು. ಬಲಗಡೆಗೆ ಕಪ್ಪತಗುಡ್ಡ, ಅದರ ನೆತ್ತಿಯಲ್ಲಿ ಗಾಳಿಯಂತ್ರಗಳು. ಎಡಬಲಕ್ಕೆ ಎರೆಯ ಹೊಲಗಳು. ಒಂದು ಹೊಲದ ಕಣದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಕರಿಯ ನೆಲದ ಮೇಲೆ ಆ ಕೆಂಪನ್ನು ಕಂಡು ಕಾರು ನಿಲ್ಲಿಸದೆ ಇರಲಾಗಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಯೆಂದು ಲೋಕ ಕರೆಯುವ ಬೆಳೆ ಧಾರವಾಡ, ಹಾವೇರಿ, ಗದಗ ಸೀಮೆಯ ಆಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಸುಕ್ಕುಗಟ್ಟಿದ ಮೈ, ಕಡಮೆ ಖಾರ, ಮಿಕ್ಕ ಬಣ್ಣ. ಈ ಬಣ್ಣವನ್ನು ಹಿಂಡಿ ತೆಗೆದ ರಸ ತಿನಿಸುಗಳಿಗೂ ತುಟಿಯ ರಂಗಿಗೂ ದೇಶವಿದೇಶಗಳಲ್ಲಿ ಬೇಕು. ಅಂದರೆ, ಕೃತಕ ಕೆಂಪನ್ನು ಬೆರೆಸುವ ಮಂದಿಯ ನಡುವೆ ನಿಜವಾದ ಕೆಂಪು ನಮ್ಮ ಹೊಲದಲ್ಲಿಯೇ ಬೆಳೆಯುತ್ತಿದೆ.

ಕಣದಲ್ಲಿದ್ದ ರೈತರು ಒಂದು ಕಾಯಿಯನ್ನು ಮುರಿದು ತೋರಿಸಿದರು. "ಇದರ ಬಣ್ಣ ವರ್ಷಾನಗಟ್ಲೆ ಹಿಂಗ ಇರಂಗಿಲ್ರಿ ಸಾಹೇಬ್ರ. ಬಿಸಲು ಬಡೀತು ಅಂದ್ರ, ಹಳೇದಾತು ಅಂದ್ರ ಮಂಕಾಗತದ. ಹುಟ್ಟಿದ್ದಕ್ಕ ಮುಪ್ಪಿಲ್ಲೇನು? ಆದ್ರ ಪ್ಯಾಟ್ಯಾಗ ಗಿರಾಕಿಗೆ ಯಾವಾಗ್ಲೂ ಕೆಂಪಗ ಹೊಳೀಬೇಕು." ಬೆಲೆಯ ಮಾತು ಬಂದಾಗ ಅವರ ದನಿ ತಗ್ಗಿತು. ಎಂಟು ತಿಂಗಳ ದುಡಿಮೆ, ತೂಕದ ಕಟ್ಟೆಯ ಮೇಲೆ ಒಂದು ಗಳಿಗೆಯ ತೀರ್ಪು.

ಆಗ ನನಗೆ ಒಂದು ವಿಚಿತ್ರ ಕಾಕತಾಳೀಯ ನೆನಪಾಯಿತು. ಬೆಂಗಳೂರಿನಲ್ಲಿ ಕೃತಕ ಬಣ್ಣದ ನಿಷೇಧ ಪ್ರಕಟವಾದ 2024ರ ಮಾರ್ಚ್ 11ರಂದೇ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದು, ಸಿಟ್ಟಿಗೆದ್ದ ರೈತರ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟಿತ್ತು. ಸುಳ್ಳು ಕೆಂಪಿಗೆ ತಡೆ ಬಿದ್ದ ದಿನವೇ ನಿಜವಾದ ಕೆಂಪು ಬೀದಿಗೆ ಬಿದ್ದಿತ್ತು. ಎರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲ, ನಿಜ. ಆದರೆ ಹೊಳಪು ಸುರಿಸಿದ ಪುಡಿಯನ್ನು ಕಣ್ಣಿನ ಸಲುವಾಗಿ ನಾವು ಕೊಂಡಷ್ಟೂ, ಮಂಕಾದರೂ ಪ್ರಾಮಾಣಿಕವಾದ ಈ ಕಾಯಿಗೆ ಕೊಡಬೇಕಾದ ಮನ್ನಣೆಯನ್ನು ಕಸಿದುಕೊಳ್ಳುತ್ತೇವೆಂಬುದು ಸುಳ್ಳಲ್ಲ. ಕೃತಕ ಬಣ್ಣದಿಂದ ಹಾನಿ ತಿನ್ನುವವನೊಬ್ಬನಿಗೇ ಅಲ್ಲ. ರೈತರಿಂದ ಐದು ಕಿಲೋ ಕಾಯಿ ಕೊಂಡೆವು. ಬಿಸಿಲಿನಲ್ಲಿ ಒಣಗಿಸಿ ನಾವೇ ಕುಟ್ಟಿಸಿಕೊಳ್ಳುವುದೆಂದು ಶ್ರೀಮತಿಯ ನಿಶ್ಚಯ.

ಹೊಳೆಯ ದಂಡೆ

ಮಧ್ಯಾಹ್ನದ ಹೊತ್ತಿಗೆ ಶಿಂಗಟಾಲೂರಿನ ಬಳಿ ತುಂಗಭದ್ರೆಯ ದಂಡೆಗೆ ಬಂದೆವು. ಸಂಕ್ರಮಣದ ಸ್ನಾನಕ್ಕೆ ನೆರೆದ ಜನವೋ ಜನ. ಬಂಡಿ, ಟ್ರ್ಯಾಕ್ಟರು, ಬುತ್ತಿಯ ಗಂಟು. ಶ್ರೀಮತಿ ಹೊಸ ಸೀರೆಯುಟ್ಟು ಹೊಳೆಗಿಳಿದಳು. ಮಗಳು ದಂಡೆಯಲ್ಲಿ ಬಗ್ಗಿ ಸೆರಗಿನ ಸುತ್ತಲ ನೀರನ್ನು ಪರೀಕ್ಷಿಸಿ, "ಬಿಟ್ಟಿಲ್ಲ!" ಎಂದು ಸಾರಿದಳು. ಮುದುಕ ನೇಕಾರರ ಹೆಸರು ಉಳಿಯಿತು.

ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅತ್ತಿಗೆಯವರು ಕಟ್ಟಿಕೊಟ್ಟ ರಂಜಕ. ಹಣ್ಣು ಮೆಣಸಿನಕಾಯಿಯನ್ನು ಅರೆದು ಮಾಡುವ ಈ ಕೆಂಪು ಚಟ್ನಿಗೆ ನಮ್ಮ ಜನ ಇಟ್ಟ ಹೆಸರು ನೋಡಿ! ರಂಜಕವೆಂದರೆ ಬಣ್ಣ ಕೊಡುವುದು, ಮನಸ್ಸನ್ನು ಸಂತೋಷಗೊಳಿಸುವುದು, ಎರಡೂ ಅರ್ಥ. ಊಟಕ್ಕೆ ಬಣ್ಣ ಬೇಡವೆಂದು ನಮ್ಮ ಹಿರಿಯರು ಎಂದೂ ಹೇಳಲಿಲ್ಲ. ಅರಿಷಿಣ, ಕೇಸರಿ, ಮೆಣಸಿನಕಾಯಿ, ಬೆಲ್ಲ ಇವೆಲ್ಲ ಬಣ್ಣವನ್ನೂ ಕೊಟ್ಟುವು, ರುಚಿಯನ್ನೂ ಕೊಟ್ಟುವು. ರುಚಿ ಕೊಡದೆ ಬರಿಯ ಬಣ್ಣ ಕೊಡುವ ಪದಾರ್ಥವನ್ನು ಕಂಡಾಗ ಮಾತ್ರ ನಿಂತು ಕೇಳಬೇಕು.

ಮಗಳ ಬೆರಳಿಗೆ ರಂಜಕದ ಎಣ್ಣೆ ಹತ್ತಿ ಕೆಂಪಾಯಿತು. "ಕಾಕಾ, ಇದೂ ಬಣ್ಣಾ ಬಿಡತದ!" ಎಂದು ಗಾಬರಿಯಿಂದ ತೋರಿಸಿದಳು. "ಇದು ಹೊಲದಿಂದ ಬಂದದ್ದವಾ, ಬಿಡಲಿ" ಎಂದು ಮಿತ್ರರು ಇನ್ನೊಂದು ರೊಟ್ಟಿಗೆ ಕೈ ಹಾಕಿದರು.

ಗದಗಿಗೆ ಮರಳಿ, ಗಾಡಿ ಹತ್ತುವ ಮುನ್ನ ಬಿಳಿಯ ಕುಸುರೆಳ್ಳನ್ನು ಬೇರೆ ಕೊಂಡೆವು. ಮರುದಿನ ಧಾರವಾಡದಲ್ಲಿ ಮಗಳು ಹೊಸ ಪರಕಾರ ಉಟ್ಟು ಮನೆಮನೆಗೆ ಹೋಗಿ, "ಎಳ್ಳುಬೆಲ್ಲ ತೊಗೊಂಡು ಎಳ್ಳುಬೆಲ್ಲದಂಗ ಇರೂಣು" ಎಂದು ಎಳ್ಳು ಬೀರಿ ಬಂದಳು. ನೆರೆಮನೆಯ ಅಜ್ಜಿ ಅಂಗೈಯಲ್ಲಿದ್ದ ಬಿಳಿಯ ಕಾಳುಗಳನ್ನು ನೋಡಿ, "ಈ ಸಲ ಬಣ್ಣದ್ದು ತಂದಿಲ್ಲೇನ?" ಎಂದು ಕೇಳಿದರಂತೆ. ಅವಳು ಕೊಟ್ಟ ಉತ್ತರವನ್ನು ಅಜ್ಜಿಯೇ ಸಂಜೆ ಬಂದು ನಮಗೆ ನಗುನಗುತ್ತ ಒಪ್ಪಿಸಿದರು:

"ಅದು ಬಣ್ಣಾ ಬಿಡತಿತ್ತಜ್ಜೀ, ಅದಕ್ಕ ನಾವು ಅದನ್ನ ಬಿಟ್ಟಿವಿ."